ತೆಂಗಿನ ಗರಿಗೆ, ಮರದ ಕೊಂಬೆಗೆ ಯಾವ ಮಿಷನ್? ಟ್ರ್ಯಾಕ್ಟರ್ ಚಿಪ್ಪರ್ ಕೊಳ್ಳುವ ಮೊದಲು ಒಂದು ಲೆಕ್ಕ

"ಅಣ್ಣಾ, ಗರಿ ಪುಡಿ ಮಾಡೋ ಮಿಷನ್ ತಗೋಬೇಕು. ಟ್ರ್ಯಾಕ್ಟರಿಗೆ ಹಾಕೋದು ತಗೊಳ್ಳಲಾ, ಇಂಜಿನ್ ಇರೋದು ತಗೊಳ್ಳಲಾ, ಇಲ್ಲ ಬಾಡಿಗೆಗೆ ಕರೆಸಿದ್ರೆ ಸಾಕಾ?"

ಫೋನ್ ಮಾಡುವ ಹತ್ತು ಜನರಲ್ಲಿ ಆರು ಜನ ಈಗ ಇದನ್ನೇ ಕೇಳುತ್ತಾರೆ. ಹೆಚ್ಚಿನವರು ಅರಸೀಕೆರೆ, ಚನ್ನರಾಯಪಟ್ಟಣ ಕಡೆಯ ತೆಂಗಿನವರು. ತರೀಕೆರೆ, ಚನ್ನಗಿರಿ ಕಡೆಯ ಅಡಿಕೆಯವರೂ ಇದ್ದಾರೆ. ಸಕಲೇಶಪುರದಿಂದ ಒಬ್ಬರು ಕಾಫಿ ತೋಟದ ಕೊಂಬೆಗೆ ಅಂತ ಕೇಳಿದರು. ಒಬ್ಬೊಬ್ಬರಿಗೂ ಫೋನಿನಲ್ಲಿ ಅರ್ಧ ಗಂಟೆ ಹೇಳುತ್ತಿದ್ದೆ. ಇಲ್ಲಿ ಪೂರ್ತಿ ಬರೆದಿಡುತ್ತೇನೆ.

ನನ್ನದು ತಿಪಟೂರು ಸೀಮೆಯ ನಾಲ್ಕು ಎಕರೆ ತೆಂಗಿನ ತೋಟ. ಬದುವಿನ ಮೇಲೆ ಸಿಲ್ವರ್ ಓಕ್ ಮತ್ತು ಗ್ಲಿರಿಸಿಡಿಯಾ ಇದೆ. ಮೊದಲೆಲ್ಲ ನಾವೂ ಗರಿಯನ್ನು ಮೂಲೆಗೆ ಎಳೆದು ಬೆಂಕಿ ಹಚ್ಚುತ್ತಿದ್ದೆವು. ಸುಟ್ಟರೆ ಗರಿಯಲ್ಲಿದ್ದ ಸಾರಜನಕ ಹೆಚ್ಚುಕಡಿಮೆ ಪೂರ್ತಿ, ಗಂಧಕ ಬಹುಪಾಲು ಹೊಗೆಯಾಗಿ ಹೋಗುತ್ತದೆ. ಉಳಿಯುವುದು ಒಂದು ಹಿಡಿ ಬೂದಿ. ಅದೇ ತೋಟಕ್ಕೆ ಆಮೇಲೆ ಯೂರಿಯಾ ತಂದು ಸುರಿಯುತ್ತೇವೆ. ಇದು ಅರ್ಥವಾದ ಮೇಲೆ ಬೆಂಕಿ ಬಿಟ್ಟೆ. ಆಮೇಲೆ ಬಾಡಿಗೆ ಟ್ರ್ಯಾಕ್ಟರ್ ಮಿಷನ್, ಸ್ನೇಹಿತರ ಇಂಜಿನ್ ಮಿಷನ್, ಮನೆ ಹಿಂದಿನ ಕರೆಂಟ್ ಮಿಷನ್ ಎಲ್ಲವನ್ನೂ ಬಳಸಿದ್ದೇನೆ. ಅವುಗಳ ಮುಂದೆ ನಿಂತು ಕಲಿತದ್ದು ಇದು.

ಮಿಷನ್ ನೋಡುವ ಮೊದಲು ರಾಶಿ ನೋಡಿ

ಡೀಲರ್ ಹತ್ತಿರ ಹೋದ ತಕ್ಷಣ ಮಾತು ಎಚ್‌ಪಿಗೆ ಹೋಗುತ್ತದೆ. ಅದಕ್ಕಿಂತ ಮೊದಲು ಮನೆಯಲ್ಲೇ ಕೂತು ಮಾಡಬೇಕಾದ ಲೆಕ್ಕ ಬೇರೆ ಇದೆ.

ತೆಂಗಿನ ಮರ ಹೆಚ್ಚುಕಡಿಮೆ ತಿಂಗಳಿಗೊಂದು ಗರಿ ಬಿಡುತ್ತದೆ. ವರ್ಷಕ್ಕೆ 12. ಮೂವತ್ತು ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ 48 ಮರ ಬರುತ್ತದೆ. ನನ್ನ ನಾಲ್ಕು ಎಕರೆಗೆ 200 ಮರ ಅಂತ ಹಿಡಿಯಿರಿ. ಅಂದರೆ ವರ್ಷಕ್ಕೆ 2,400 ಗರಿ. ಒಣಗಿದ ಗರಿ ತಕ್ಕಡಿಗೆ ಹಾಕಿ ನೋಡಿದ್ದೇನೆ. ಎರಡೂವರೆಯಿಂದ ಮೂರು ಕೆಜಿ ತೂಗುತ್ತದೆ. ಒಟ್ಟು ಆರೇಳು ಟನ್ ಆಯಿತು. ಕೇಳಲು ದೊಡ್ಡ ರಾಶಿ.

ಈಗ ಸಮಯದ ಲೆಕ್ಕ ಹಾಕಿ. ಸಾಲಾಗಿ ಜೋಡಿಸಿಟ್ಟ ಗರಿಯನ್ನು ಟ್ರ್ಯಾಕ್ಟರ್ ಮಿಷನ್ನಿಗೆ ಕೊಟ್ಟರೆ, ಕೈ ಬದಲಾಯಿಸುವುದೂ ಸೇರಿ ಒಂದಕ್ಕೆ ಅರ್ಧ ನಿಮಿಷ ಹಿಡಿಯುತ್ತದೆ. 2,400 ಗರಿಗೆ 1,200 ನಿಮಿಷ, ಅಂದರೆ 20 ಗಂಟೆ. ದಿನಕ್ಕೆ ಏಳು ಗಂಟೆ ದುಡಿದರೆ ಮೂರು ದಿನದ ಕೆಲಸ. ನಾಲ್ಕು ಎಕರೆ ತೆಂಗಿಗೆ ದೊಡ್ಡ ಚಿಪ್ಪರ್ ವರ್ಷಕ್ಕೆ ಮೂರು ದಿನ ಓಡುತ್ತದೆ. ಉಳಿದ 362 ದಿನ ಶೆಡ್ಡಿನಲ್ಲಿ ನಿಂತಿರುತ್ತದೆ. ಮಿಷನ್ ಕೊಳ್ಳಲು ಹೊರಟವರಿಗೆ ನಾನು ಮೊದಲು ಹೇಳುವುದೇ ಇದನ್ನ.

ರಾಶಿ ಎಷ್ಟು ಅಂತ ಗೊತ್ತಾದ ಮೇಲೆ, ಅದರಲ್ಲಿ ಏನಿದೆ ಅಂತ ನೋಡಿ. ತೆಂಗಿನ ಗರಿ ಒಂದು ಥರ, ಮರದ ಕೊಂಬೆ ಇನ್ನೊಂದು ಥರ. ಕೊಂಬೆ ಗಟ್ಟಿ, ಆದರೆ ಹರಿತವಾದ ಬ್ಲೇಡಿಗೆ ಚಕಚಕ ಅಂತ ತುಂಡಾಗುತ್ತದೆ. ಗರಿ ಮೆತ್ತಗಿದೆ, ಆದರೆ ನಾರು. ಬ್ಲೇಡ್ ಸ್ವಲ್ಪ ಮೊಂಡಾಗಿದ್ದರೆ ಕತ್ತರಿಸುವುದಿಲ್ಲ, ಹಗ್ಗದ ಹಾಗೆ ಎಳೆದು ಶಾಫ್ಟಿಗೆ ಸುತ್ತಿಬಿಡುತ್ತದೆ. ಅಡಿಕೆ ಹಾಳೆಯೂ ಹಾಗೇ. ಗ್ಲಿರಿಸಿಡಿಯಾದಂಥ ಹಸಿ ಸೊಪ್ಪು ಜಾಸ್ತಿ ಹಾಕಿದರೆ ಪುಡಿ ಹೊರಗೆ ಹಾರದೆ ಕೊಳವೆಯಲ್ಲೇ ಮೆತ್ತಿಕೊಳ್ಳುತ್ತದೆ. ಹಾಗಾಗಿ "ಎಲ್ಲದಕ್ಕೂ ಆಗುತ್ತೆ" ಅಂತ ಯಾರಾದರೂ ಹೇಳಿದರೆ, ನಿಮ್ಮ ರಾಶಿಯಲ್ಲಿ ಯಾವುದು ಜಾಸ್ತಿಯೋ ಅದನ್ನೇ ಹಾಕಿ ತೋರಿಸಲು ಹೇಳಿ.

ಮೂರನೆಯದು ದಾರಿ. ಮಿಷನ್ ರಾಶಿಯ ಹತ್ತಿರ ಹೋಗುತ್ತದಾ, ಇಲ್ಲ ರಾಶಿಯನ್ನೇ ಮಿಷನ್ ಹತ್ತಿರ ಹೊರಬೇಕಾ? ಈ ಒಂದು ವ್ಯತ್ಯಾಸದಿಂದ ಕೂಲಿ ಖರ್ಚು ಎರಡು ಪಟ್ಟು ಆಗಬಹುದು. ಕೊಡಲು ಒಬ್ಬರು, ಎಳೆದು ತರಲು ಇಬ್ಬರು ಬೇಕೇ ಬೇಕು. ಗರಿ ತೋಟದ ತುಂಬ ಚೆಲ್ಲಿದ್ದರೆ ನಾಲ್ಕು ಜನ ಓಡಾಡಿದರೂ ಮಿಷನ್ ಖಾಲಿ ಓಡುತ್ತಾ ಡೀಸೆಲ್ ಕುಡಿಯುತ್ತದೆ. ನಾವು ಈಗ ಕಾಯಿ ಕೆಡವಿದ ದಿನವೇ ಗರಿಗಳನ್ನು ಎರಡು ಸಾಲಿನ ನಡುವೆ, ಬುಡವೆಲ್ಲ ಒಂದೇ ಕಡೆ ಬರುವಂತೆ ಇಡಿಸುತ್ತೇವೆ. ಇಷ್ಟರಿಂದಲೇ ನಮ್ಮಲ್ಲಿ ಅರ್ಧ ದಿನ ಉಳಿಯಿತು.

ಕೊನೆಗೆ, ಪುಡಿ ಮಾಡಿದ್ದನ್ನು ಏನು ಮಾಡುತ್ತೀರಿ? ಪಾತಿಗೆ ಹೊದಿಕೆ ಹಾಕುವುದಾದರೆ ಎರಡು ಮೂರು ಇಂಚಿನ ತುಂಡಾದರೂ ಸಾಕು, ಜಾಸ್ತಿ ದಿನ ಬಾಳುತ್ತದೆ. ಎರೆಗೊಬ್ಬರ ಮಾಡುವುದಾದರೆ ಸಣ್ಣಗಾಗಬೇಕು. ಸಣ್ಣಗೆ ಬೇಕು ಅಂದಷ್ಟೂ ಮಿಷನ್ನಿನ ವೇಗ ಕಡಿಮೆಯಾಗುತ್ತದೆ, ಖರ್ಚು ಏರುತ್ತದೆ.

ಟ್ರ್ಯಾಕ್ಟರಿಗೆ ಜೋಡಿಸುವ ಚಿಪ್ಪರ್

ಕೆಲಸದ ವೇಗದಲ್ಲಿ ಇದನ್ನು ಮೀರಿಸುವುದು ಯಾವುದೂ ಇಲ್ಲ. ಟ್ರ್ಯಾಕ್ಟರ್ ಹಿಂದಿನ ಮೂರು ಪಾಯಿಂಟಿನ ಲಿಫ್ಟಿಗೆ ಏರಿಸಿ, ಪಿಟಿಒ ಶಾಫ್ಟ್ (ಟ್ರ್ಯಾಕ್ಟರ್ ಇಂಜಿನ್ನಿನ ಬಲವನ್ನು ಮಿಷನ್ನಿಗೆ ಕೊಡುವ ತಿರುಗುವ ದಂಡ) ಹಾಕಿದರೆ ಆಯಿತು. ಬೇರೆ ಇಂಜಿನ್ ಇಲ್ಲ, ಹಾಗಾಗಿ ಅದರ ಆಯಿಲ್, ಕಾರ್ಬುರೇಟರ್ ತಲೆನೋವೂ ಇಲ್ಲ. ಟ್ರ್ಯಾಕ್ಟರ್ ಇದ್ದವರಿಗೆ ಇದು ಸಹಜವಾದ ಆಯ್ಕೆ.

ಆದರೆ ಇದರಲ್ಲೇ ಜಾತಿಗಳಿವೆ. ಒಂದರಲ್ಲಿ ಭಾರವಾದ ತಟ್ಟೆಗೆ ಇಲ್ಲವೇ ಡ್ರಮ್ಮಿಗೆ ಹರಿತವಾದ ಬ್ಲೇಡ್ ಕೂರಿಸಿರುತ್ತಾರೆ. ಎದುರಿಗೆ ಅಲುಗಾಡದ ಇನ್ನೊಂದು ಬ್ಲೇಡ್ ಇರುತ್ತದೆ. ಎರಡರ ನಡುವೆ ಕೊಂಬೆ ಕತ್ತರಿಯಲ್ಲಿ ಸಿಕ್ಕಂತೆ ತುಂಡಾಗುತ್ತದೆ. ಇನ್ನೊಂದರಲ್ಲಿ ಜೋತಾಡುವ ಸುತ್ತಿಗೆಗಳಿರುತ್ತವೆ. ಅವು ಕತ್ತರಿಸುವುದಿಲ್ಲ, ಬಡಿದು ಸಿಗಿಯುತ್ತವೆ. ಸಿಲ್ವರ್ ಓಕ್, ಹೆಬ್ಬೇವು, ಅಕೇಶಿಯಾ ಕೊಂಬೆಯೇ ಜಾಸ್ತಿ ಇದ್ದರೆ ಬ್ಲೇಡಿನದು ತೆಗೆದುಕೊಳ್ಳಿ. ಗರಿ ಮತ್ತು ಸೊಪ್ಪು ಜಾಸ್ತಿ ಇದ್ದರೆ, ಮುಂದೆ ಬ್ಲೇಡ್, ಹಿಂದೆ ಸುತ್ತಿಗೆ ಎರಡೂ ಇರುವುದನ್ನು ಹುಡುಕಿ. ಬರೀ ಬ್ಲೇಡಿನ ಮಿಷನ್ನಿನಲ್ಲಿ ಗರಿಯ ತುದಿಯ ಎಲೆಗಳು ಉದ್ದುದ್ದ ನಾರಾಗಿಯೇ ಹೊರಬರುತ್ತವೆ. ಅದನ್ನು ಆಮೇಲೆ ಹರಡುವುದೇ ದೊಡ್ಡ ಕೆಲಸ.

ಕೊಡುವ ಬಾಯಿಯ ಬಗ್ಗೆಯೂ ಹೇಳಬೇಕು. ಕಡಿಮೆ ಬೆಲೆಯದರಲ್ಲಿ ನೀವೇ ತಳ್ಳಬೇಕು. ಜಾಸ್ತಿ ಬೆಲೆಯದರಲ್ಲಿ ಹೈಡ್ರಾಲಿಕ್ ರೋಲರ್ ಇರುತ್ತದೆ. ಅದು ಕೊಂಬೆಯನ್ನು ತಾನೇ ಕಚ್ಚಿ ಎಳೆದುಕೊಳ್ಳುತ್ತದೆ. ಸುತ್ತು ಕಡಿಮೆಯಾದರೆ ತಾನೇ ನಿಲ್ಲುವ, ಲಿವರ್ ತಳ್ಳಿದರೆ ಹಿಂದಕ್ಕೆ ಉಗುಳುವ ವ್ಯವಸ್ಥೆಯೂ ಅದರಲ್ಲಿ ಸಿಗುತ್ತದೆ. ನಾಲ್ಕು ಇಂಚಿಗಿಂತ ದಪ್ಪ, ಡೊಂಕು ಕೊಂಬೆ ಇದ್ದವರಿಗೆ ರೋಲರ್ ಇಲ್ಲದಿದ್ದರೆ ಬಹಳ ಕಷ್ಟ. ಸಂಜೆ ಹೊತ್ತಿಗೆ ತೋಳು ಎತ್ತಲಾಗುವುದಿಲ್ಲ, ದಣಿದ ಮನುಷ್ಯ ಬಾಯಿಯ ಹತ್ತಿರ ಹತ್ತಿರ ಹೋಗುತ್ತಾನೆ. ಬರೀ ಗರಿ ಇದ್ದವರಿಗೆ ರೋಲರ್ ಇಲ್ಲದೆಯೂ ನಡೆಯುತ್ತದೆ. ಬ್ಲೇಡ್ ಹರಿತವಾಗಿದ್ದರೆ ಗರಿಯನ್ನು ಅದೇ ಎಳೆದುಕೊಳ್ಳುತ್ತದೆ.

ಮೊದಲ ಸಲ ಗರಿ ಕೊಟ್ಟ ದಿನ ಚೆನ್ನಾಗಿ ನೆನಪಿದೆ. ಬುಡದ ಎಡಮಟ್ಟೆಯನ್ನು ಮುಂದೆ ಮಾಡಿ ಕೊಟ್ಟೆ. ಟ್ರ್ಯಾಕ್ಟರ್ ಒಮ್ಮೆ ನರಳಿತು, ಕಪ್ಪು ಹೊಗೆ ಉಗುಳಿತು, ಆಮೇಲೆ ಸಲೀಸಾಗಿ ಹೋಯಿತು. ತುದಿಯ ಒಂದು ಮಾರು ಉಳಿದಾಗ ಎಲೆಗಳೆಲ್ಲ ಮಡಿಚಿಕೊಂಡು ಬಾಯಿಯಲ್ಲೇ ನಿಂತವು. ಅದನ್ನು ಕೈಯಿಂದ ತಳ್ಳಲು ಹೋಗಬಾರದು. ಹಿಂದಿನಿಂದ ಇನ್ನೊಂದು ಗರಿಯ ಬುಡ ಕೊಟ್ಟರೆ ಅದೇ ತಳ್ಳಿಕೊಂಡು ಹೋಗುತ್ತದೆ. ಕಿವಿ ಇಂಜಿನ್ನಿನ ಮೇಲೆ ಇರಬೇಕು. ಸದ್ದು ಇಳಿಯಿತಾ, ತಳ್ಳುವುದು ನಿಲ್ಲಿಸಿ. ಮತ್ತೆ ಏರಿತಾ, ಕೊಡಿ. ಎರಡು ದಿನದಲ್ಲಿ ಈ ತಾಳ ಕೈಗೆ ಬರುತ್ತದೆ. ಪೂರ್ತಿ ಹಸಿ ಗರಿಗಿಂತ, ಪೂರ್ತಿ ಒಣಗಿ ಕಡ್ಡಿಯಾದದ್ದಕ್ಕಿಂತ, ಹದಿನೈದು ದಿನ ಬಿದ್ದಿದ್ದು ಅರೆ ಒಣಗಿದ್ದು ಚೆನ್ನಾಗಿ ಹೋಗುತ್ತದೆ. ಕಡ್ಡಿ ಒಣಗಿದ್ದರಿಂದ ಬರೋ ಧೂಳು ಗಂಟಲು ಕೆರೆಯುತ್ತದೆ. ಮೂಗಿಗೆ ಬಟ್ಟೆ ಬೇಕು.

ಟ್ರ್ಯಾಕ್ಟರ್ ಎಷ್ಟು ಎಚ್‌ಪಿ ಇರಬೇಕು? ಇಂಜಿನ್ನಿನ ಪೂರ್ತಿ ಬಲ ಪಿಟಿಒಗೆ ಬರುವುದಿಲ್ಲ, ಸುಮಾರು ಶೇ. 85 ಬರುತ್ತದೆ ಅಂತ ಇಟ್ಟುಕೊಳ್ಳಿ. ಗರಿ ಮತ್ತು ಮೂರು ಇಂಚಿನ ಒಳಗಿನ ಕೊಂಬೆಗೆ 25ರಿಂದ 30 ಎಚ್‌ಪಿಯ ಮಿನಿ ಟ್ರ್ಯಾಕ್ಟರ್ ಸಾಕು. ಐದಾರು ಇಂಚಿನ ಕೊಂಬೆಗೆ 45ರ ಮೇಲೆ ಇರಲಿ. "ಆರು ಇಂಚು ನುಂಗುತ್ತದೆ" ಅಂತ ಬರೆದಿದ್ದರೆ ದಿನವಿಡೀ ನಾಲ್ಕು ಇಂಚು ಕೊಡಬಹುದು ಅಂತ ತಿಳಿಯಿರಿ. ಆರು ಇಂಚು ಅಪರೂಪಕ್ಕೆ, ಹಸಿ ಮೆದು ಮರಕ್ಕೆ. ಅಲ್ಲದೆ ಆರು ಇಂಚಿನ ಕೊಂಬೆಯನ್ನು ಪುಡಿ ಯಾಕೆ ಮಾಡಬೇಕು? ಅದು ಸೌದೆ, ದುಡ್ಡು ಬರುತ್ತದೆ.

ಮಿನಿ ಟ್ರ್ಯಾಕ್ಟರಿನವರು ಇನ್ನೊಂದು ವಿಷಯ ಗಮನಿಸಬೇಕು. ಮಿಷನ್ ಮುನ್ನೂರು ನಾನ್ನೂರು ಕೆಜಿ ಇದ್ದರೆ, ಹಿಂದೆ ಏರಿಸಿದಾಗ ಮುಂದಿನ ಚಕ್ರ ಹಗುರಾಗುತ್ತದೆ. ಬದು ಹತ್ತುವಾಗ ಸ್ಟಿಯರಿಂಗ್ ಮಾತು ಕೇಳುವುದಿಲ್ಲ. ನಿಮ್ಮ ಟ್ರ್ಯಾಕ್ಟರಿನ ಲಿಫ್ಟ್ ಎಷ್ಟು ಕೆಜಿಗೆ ಅಂತ ಪುಸ್ತಕದಲ್ಲಿ ನೋಡಿಕೊಂಡೇ ಮಿಷನ್ ಆರಿಸಿ. ಹಾಗೆಯೇ ಮಿಷನ್ ನಿಮಿಷಕ್ಕೆ 540 ಸುತ್ತಿನ ಪಿಟಿಒಗೆ ಮಾಡಿದ್ದಾ ಅಂತ ಕೇಳಿ. ಹೊರದೇಶದ ಕೆಲವು ಮಿಷನ್ನುಗಳು 1,000 ಸುತ್ತು ಕೇಳುತ್ತವೆ. ನಮ್ಮ ಹೆಚ್ಚಿನ ಟ್ರ್ಯಾಕ್ಟರುಗಳ ಪಿಟಿಒ 540ರದ್ದು.

ಈ 540 ಬಗ್ಗೆ ಕೈಮುಗಿದು ಒಂದು ಮಾತು ಹೇಳುತ್ತೇನೆ. ನಿಮಿಷಕ್ಕೆ 540 ಅಂದರೆ ಸೆಕೆಂಡಿಗೆ ಒಂಬತ್ತು ಸುತ್ತು. ಹೆಗಲ ಮೇಲಿನ ಟವಲ್ಲಿನ ತುದಿ, ಪಂಚೆಯ ಅಂಚು, ಸೀರೆಯ ಸೆರಗು ಶಾಫ್ಟಿಗೆ ಸಿಕ್ಕರೆ "ಅಯ್ಯೋ" ಅನ್ನುವಷ್ಟರಲ್ಲಿ ಒಂಬತ್ತು ಸುತ್ತು ಸುತ್ತಿರುತ್ತದೆ. ಯಾರ ಕೈಯಲ್ಲೂ ಬಿಡಿಸಲಾಗುವುದಿಲ್ಲ. ಶಾಫ್ಟಿನ ಮೇಲಿನ ಪ್ಲಾಸ್ಟಿಕ್ ಕವರ್ ಒಡೆದಿದ್ದರೆ ಹೊಸದು ಹಾಕಿಸುವವರೆಗೆ ಓಡಿಸಬೇಡಿ. ಗರಿ ಕೊಡುವವರು ಪ್ಯಾಂಟ್, ಮೈಗೆ ಅಂಟಿದ ಅಂಗಿ ಹಾಕಿರಲಿ. ಕೈ ಹತ್ತಿರ ಸಡಿಲವಾದ ಗ್ಲೌಸ್ ಬೇಡ. ಕಣ್ಣಿಗೆ ಕನ್ನಡಕ ಇರಲಿ. ಸಿಕ್ಕಿಕೊಂಡರೆ ಪಿಟಿಒ ಬಿಡಿಸಿ, ಇಂಜಿನ್ ಆರಿಸಿ, ಕೀಲಿ ಜೇಬಿಗೆ ಹಾಕಿಕೊಳ್ಳಿ. ಆಮೇಲೂ ಭಾರದ ತಟ್ಟೆ ಸುಮಾರು ಹೊತ್ತು ತಿರುಗುತ್ತಲೇ ಇರುತ್ತದೆ. ಅದು ನಿಂತಿದ್ದನ್ನು ಕಣ್ಣಿಂದ ನೋಡಿ ಆಮೇಲೆ ಮುಚ್ಚಳ ತೆಗೆಯಿರಿ. ಮಕ್ಕಳನ್ನು ಆ ದಿನ ತೋಟಕ್ಕೆ ಬಿಡಬೇಡಿ.

ಕೊಳ್ಳುವುದಾ, ಬಾಡಿಗೆಯಾ: ದುಡ್ಡಿನ ಲೆಕ್ಕ

ನಾನು ವಿಚಾರಿಸಿದಾಗ ರೋಲರ್ ಇಲ್ಲದ ಟ್ರ್ಯಾಕ್ಟರ್ ಮಿಷನ್ ಒಂದೂವರೆ ಲಕ್ಷದ ಮೇಲೆ, ಒಳ್ಳೆಯ ಗಟ್ಟಿಯಾದದ್ದು ಎರಡೂವರೆ ಲಕ್ಷದ ಆಸುಪಾಸು ಹೇಳಿದರು. ಎರಡೂವರೆ ಲಕ್ಷ ಹಿಡಿಯೋಣ. ಹತ್ತು ವರ್ಷ ಬಾಳಿದರೆ ವರ್ಷಕ್ಕೆ 25,000 ಸವಕಳಿ. ನನ್ನ 20 ಗಂಟೆ ಕೆಲಸಕ್ಕೆ ಗಂಟೆಗೆ ನಾಲ್ಕು ಲೀಟರ್ ಡೀಸೆಲ್, ಲೀಟರಿಗೆ 90 ರೂಪಾಯಿ ಅಂದರೆ 7,200. ಬ್ಲೇಡ್ ಸಾಣೆ, ಬೇರಿಂಗ್, ಗ್ರೀಸ್ ಬೇರೆ. ವರ್ಷಕ್ಕೆ 34,000 ದಾಟುತ್ತದೆ.

ಬಾಡಿಗೆಗೆ ಟ್ರ್ಯಾಕ್ಟರ್, ಡ್ರೈವರ್, ಡೀಸೆಲ್ ಎಲ್ಲ ಸೇರಿ ಗಂಟೆಗೆ 1,200 ಕೇಳಿದರು ಅಂತಿಟ್ಟುಕೊಳ್ಳಿ. 20 ಗಂಟೆಗೆ 24,000 ಆಯಿತು. ನಾಲ್ಕು ಎಕರೆಯವನಿಗೆ ಬಾಡಿಗೆಯೇ ಅಗ್ಗ. ಎಳೆದು ತರುವವರ ಕೂಲಿ ಎರಡರಲ್ಲೂ ಒಂದೇ, ಅದನ್ನು ಹಿಡಿದಿಲ್ಲ.

ಸಬ್ಸಿಡಿ ಸಿಕ್ಕರೆ ಲೆಕ್ಕ ತಿರುಗುತ್ತದೆ. ಅರ್ಧ ಬೆಲೆಗೆ ಬಂದರೆ ಸವಕಳಿ 12,500ಕ್ಕೆ ಇಳಿಯುತ್ತದೆ, ಬಾಡಿಗೆಗೂ ಕೊಳ್ಳುವುದಕ್ಕೂ ವ್ಯತ್ಯಾಸ ಹೆಚ್ಚು ಉಳಿಯುವುದಿಲ್ಲ. ಯಾವ ಮಾದರಿಗೆ, ಯಾವ ವರ್ಗದವರಿಗೆ, ಎಷ್ಟು ಅನ್ನುವುದು ವರ್ಷವರ್ಷ ಬದಲಾಗುತ್ತದೆ. ಎಫ್‌ಐಡಿ ನಂಬರ್ (ರೈತರ ನೋಂದಣಿ ಸಂಖ್ಯೆ), ಪಹಣಿ, ಆಧಾರ್ ಹಿಡಿದು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಈ ವರ್ಷದ ಪಟ್ಟಿ ಕೇಳಿ. ಮುಂಗಡ ಕೊಟ್ಟು ಮಿಷನ್ ಮನೆಗೆ ತಂದು ಆಮೇಲೆ ಅರ್ಜಿ ಹಾಕಲು ಹೋಗಬೇಡಿ. ಮೊದಲು ಅರ್ಜಿ, ಮಂಜೂರಾದ ಮೇಲೆ ಖರೀದಿ.

ಬಾಡಿಗೆಗೆ ಖಾಸಗಿಯವರು ಅಲ್ಲದೆ ಕೃಷಿ ಯಂತ್ರಧಾರೆ ಕೇಂದ್ರಗಳೂ ಇವೆ. ರಾಜ್ಯದಲ್ಲಿ 2014-15ರಲ್ಲಿ ಶುರುವಾದ ಯೋಜನೆ ಅದು. ಎಲ್ಲ ಕೇಂದ್ರದಲ್ಲೂ ಚಿಪ್ಪರ್ ಇರಲೇಬೇಕು ಅಂತಿಲ್ಲ, ಹಾಗಾಗಿ ನಿಮ್ಮ ಹೋಬಳಿಯ ಕೇಂದ್ರಕ್ಕೆ ಹೋಗಿ ಕೇಳಿ. ಬಾಡಿಗೆಯ ದೊಡ್ಡ ತೊಂದರೆ ಅಂದರೆ ನಮಗೆ ಬೇಕಾದಾಗ ಅದು ಎಲ್ಲರಿಗೂ ಬೇಕು. ಜೊತೆಗೆ ಬಂದ ಮಿಷನ್ನಿನ ಬ್ಲೇಡ್ ಹೇಗಿದೆಯೋ ಗೊತ್ತಿರುವುದಿಲ್ಲ. ನಮ್ಮ ತೋಟಕ್ಕೆ ಒಮ್ಮೆ ಮೊಂಡು ಬ್ಲೇಡಿನ ಮಿಷನ್ ಬಂದು, ಮೂರು ಗಂಟೆಯಲ್ಲಿ ಆಗಬೇಕಾದ ಕೆಲಸಕ್ಕೆ ಆರು ಗಂಟೆ ಹಿಡಿಯಿತು. ಮೀಟರ್ ಓಡಿದ್ದು ಆರು ಗಂಟೆಯದ್ದೇ. ಈಗ ಮಿಷನ್ ಇಳಿಸಿದ ತಕ್ಷಣ ಮುಚ್ಚಳ ತೆಗೆಸಿ ಬ್ಲೇಡ್ ನೋಡುತ್ತೇನೆ. ಅಂಚು ಬೆಳ್ಳಗೆ ದುಂಡಾಗಿ ಮಿನುಗುತ್ತಿದ್ದರೆ ಮೊಂಡು ಅಂತ ಅರ್ಥ. ಸಾಣೆ ಹಿಡಿಸಿಕೊಂಡು ಬನ್ನಿ ಅಂತ ವಾಪಸ್ ಕಳಿಸುತ್ತೇನೆ.

ನನಗೆ ಸರಿ ಕಂಡ ದಾರಿ ಐದಾರು ಮನೆಯವರು ಸೇರುವುದು. ಎಲ್ಲರದ್ದೂ ಸೇರಿ 20 ಎಕರೆ ಆದರೆ ನೂರು ಗಂಟೆ ಕೆಲಸ. ಆಗ ಮಿಷನ್ ಕೊಂಡರೂ ಗಂಟೆಗೆ 250 ರೂಪಾಯಿ ಸವಕಳಿ ಬೀಳುತ್ತದೆ. ಆದರೆ ಯಾರ ಶೆಡ್ಡಿನಲ್ಲಿ ನಿಲ್ಲಬೇಕು, ಬ್ಲೇಡ್ ಮುರಿದರೆ ಯಾರು ಕೊಡಬೇಕು ಅನ್ನುವುದನ್ನು ಮೊದಲೇ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ನೆಂಟರಾದರೂ ಬರೆದುಕೊಳ್ಳಿ.

ಸ್ವಂತ ಇಂಜಿನ್ನಿನ ಮಿಷನ್

ಟ್ರ್ಯಾಕ್ಟರ್ ಇಲ್ಲದವರಿಗೆ, ಟ್ರ್ಯಾಕ್ಟರ್ ಹೋಗದ ತೋಟಕ್ಕೆ ಇದು. ಮಲೆನಾಡಿನ ಅಡಿಕೆ ತೋಟ ನೋಡಿದವರಿಗೆ ಗೊತ್ತು. ಎರಡು ಸಾಲಿಗೊಂದು ಬಸಿಗಾಲುವೆ, ಮೇಲೆ ಗುಡ್ಡ, ಕೆಳಗೆ ಹಳ್ಳ. ಅಲ್ಲಿಗೆ ಟ್ರ್ಯಾಕ್ಟರ್ ಇಳಿಸುವ ಮಾತೇ ಇಲ್ಲ. ಎರಡು ಚಕ್ರದ ಮೇಲೆ ಕೂತ ಏಳೆಂಟು ಎಚ್‌ಪಿ ಪೆಟ್ರೋಲ್ ಮಿಷನ್ ಇಬ್ಬರು ತಳ್ಳಿಕೊಂಡು ಸಂಕದ ಮೇಲೆ ದಾಟಿಸಬಹುದು. ಹತ್ತು ಎಚ್‌ಪಿ ಮೇಲಿನ ಡೀಸೆಲ್ ಮಿಷನ್ ಗಟ್ಟಿ, ಆದರೆ ಭಾರ. ಅದನ್ನು ರಸ್ತೆ ಬದಿಯಲ್ಲೇ ನಿಲ್ಲಿಸಿ ಸೋಗೆಯನ್ನು ಹೊತ್ತು ತರಬೇಕಾಗುತ್ತದೆ.

ಪೆಟ್ರೋಲ್ ಮಿಷನ್ ಎರಡು ಇಂಚಿನ ಒಳಗಿನ ಕೊಂಬೆ, ಅಡಿಕೆ ಸೋಗೆ, ಬಾಳೆ ದಿಂಡು, ಗ್ಲಿರಿಸಿಡಿಯಾಕ್ಕೆ ಚೆನ್ನಾಗಿದೆ. ತೆಂಗಿನ ಎಡಮಟ್ಟೆಗೆ ಸೋಲುತ್ತದೆ. ಬುಡದ ಎರಡು ಅಡಿ ಮಚ್ಚಿನಿಂದ ಕಡಿದು ಒಲೆಗೆ ಇಟ್ಟುಕೊಂಡು, ಉಳಿದದ್ದು ಕೊಟ್ಟರೆ ನಡೆಯುತ್ತದೆ. ವೇಗ ಟ್ರ್ಯಾಕ್ಟರ್ ಮಿಷನ್ನಿನ ಮೂರನೇ ಒಂದು ಭಾಗ ಅಂತ ಇಟ್ಟುಕೊಳ್ಳಿ. ನನ್ನ 20 ಗಂಟೆ ಕೆಲಸ 60 ಗಂಟೆ ಆಗುತ್ತದೆ. ಅದು ತೊಂದರೆಯೇ? ಒಂದೇ ಸಲ ಮುಗಿಸಬೇಕು ಅನ್ನುವವರಿಗೆ ಹೌದು. ವಾರಕ್ಕೆ ಒಂದು ಬೆಳಗ್ಗೆ ಒಂದೂವರೆ ಗಂಟೆ ಮನೆಯವರೇ ಮಾಡುತ್ತೇವೆ ಅನ್ನುವವರಿಗೆ ಏನೂ ತೊಂದರೆ ಇಲ್ಲ. ಅವರಿಗೆ ಕೂಲಿಯೇ ಉಳಿಯುತ್ತದೆ.

ಒಂದು ಎಕರೆ, ಎರಡು ಎಕರೆಯವರಿಗೆ ಕರೆಂಟ್ ಮಿಷನ್ನೂ ಇದೆ. ಎರಡು ಮೂರು ಎಚ್‌ಪಿ ಸಿಂಗಲ್ ಫೇಸ್ ಮೋಟಾರ್, ಮೇವು ಕತ್ತರಿಸುವ ಮಿಷನ್ನಿನ ಅಣ್ಣನ ಹಾಗಿರುತ್ತದೆ. ಮನೆ ಹಿಂದೆ ಒಂದು ಕಡೆ ನಿಲ್ಲಿಸಿ ಎರೆಗೊಬ್ಬರದ ತೊಟ್ಟಿಗೆ ಪುಡಿ ಮಾಡಲು ಬಹಳ ಚೆನ್ನ. ಸದ್ದು ಕಡಿಮೆ, ಖರ್ಚು ಕಡಿಮೆ. ಮರದ ಕೊಂಬೆಗೆ ಇದನ್ನು ನಂಬಬೇಡಿ, ಹೆಬ್ಬೆರಳ ದಪ್ಪ ಮೀರಿದರೆ ಬೆಲ್ಟ್ ಸುಟ್ಟ ವಾಸನೆ ಬರುತ್ತದೆ. ಪಂಪ್‌ಸೆಟ್ಟಿಗೆ ಅಂತ ಕೊಟ್ಟ ಕರೆಂಟಿಗೆ ಇದನ್ನು ಜೋಡಿಸುವುದೂ ಬೇಡ. ಮನೆ ಮೀಟರಿನಿಂದ ಸರಿಯಾದ ಕೇಬಲ್ ಎಳೆಸಿ.

ನೆಲದ ಮೇಲೇ ಪುಡಿ ಮಾಡುವ ಮಲ್ಚರ್

ಇದು ಗರಿ ಎತ್ತಿ ಕೊಡುವ ಮಿಷನ್ ಅಲ್ಲ. ಗರಿಯನ್ನು ಸಾಲಿನಲ್ಲಿ ಹಾಸಿಟ್ಟರೆ ಟ್ರ್ಯಾಕ್ಟರ್ ಅದರ ಮೇಲೆ ಹೋಗುತ್ತದೆ, ಹಿಂದಿನ ಮಲ್ಚರ್ ಬಡಿದು ಪುಡಿ ಮಾಡಿ ಅಲ್ಲೇ ಚೆಲ್ಲುತ್ತದೆ. ಕೊಡುವವರು ಬೇಡ, ಕೈ ಸಿಕ್ಕುವ ಭಯವೂ ಇಲ್ಲ. ಆಳಿನ ಕೊರತೆ ಇರುವ ಹತ್ತಾರು ಎಕರೆಯ ತೋಟಕ್ಕೆ ನಾನು ಚಿಪ್ಪರಿಗಿಂತ ಇದನ್ನೇ ಮೊದಲು ಹೇಳುತ್ತೇನೆ.

ಆದರೆ 45–50 ಎಚ್‌ಪಿ ಟ್ರ್ಯಾಕ್ಟರ್ ಬೇಕು, ನೆಲ ಸಮ ಇರಬೇಕು. ಕಲ್ಲು ಇದ್ದರೆ ಗುಂಡಿನ ಹಾಗೆ ಹಾರುತ್ತದೆ, ಸುತ್ತ ಯಾರೂ ಇರಬಾರದು. ಡ್ರಿಪ್ ಪೈಪ್ ಮೇಲೆ ಹಾಸಿದ್ದರೆ ಅದೂ ಗರಿಯ ಜೊತೆ ಪುಡಿಯಾಗುತ್ತದೆ. ದಪ್ಪ ಕೊಂಬೆಗೆ ಆಗುವುದಿಲ್ಲ. ಪುಡಿ ಸಾಲಿನ ನಡುವೆಯೇ ಉಳಿಯುತ್ತದೆ, ಪಾತಿಗೆ ಬೇಕಾದರೆ ಗುಡಿಸಿ ತರಬೇಕು. ಕೆಲವರು ರೋಟವೇಟರ್ ಹೊಡೆದರೆ ಸಾಲದಾ ಅಂತ ಕೇಳುತ್ತಾರೆ. ಉದ್ದ ಗರಿ ಅದರ ಶಾಫ್ಟಿಗೆ ಸುತ್ತಿಕೊಳ್ಳುತ್ತದೆ, ಬಿಡಿಸುವುದರಲ್ಲೇ ದಿನ ಹೋಗುತ್ತದೆ. ಜೊತೆಗೆ ಮೇಲ್ಮೈಯ ಬೇರುಗಳೂ ಹರಿಯುತ್ತವೆ.

ಮಿಷನ್ ಇಲ್ಲದೆಯೂ ಆಗುತ್ತದೆ

ಇದನ್ನು ಯಾರೂ ಮಾರುವುದಿಲ್ಲ, ಹಾಗಾಗಿ ಯಾರೂ ಹೇಳುವುದೂ ಇಲ್ಲ. ಗರಿಯನ್ನು ಮೂರು ತುಂಡು ಮಾಡಿ ಪಾತಿಯಲ್ಲಿ ಹಾಸಿದರೆ, ಇಲ್ಲವೇ ಇಡಿಯಾಗಿಯೇ ಎರಡು ಸಾಲಿನ ನಡುವೆ ಒಂದರ ಮೇಲೊಂದು ಹಾಕಿದರೆ, ಅದೂ ಹೊದಿಕೆಯೇ. ಕೊಳೆಯಲು ಜಾಸ್ತಿ ದಿನ ಬೇಕು, ಓಡಾಡಲು ತೊಡಕು, ಹಾವಿನ ಭಯ ಇದೆ, ಬೇಸಿಗೆಯಲ್ಲಿ ಬೆಂಕಿಯ ಭಯ ಇದೆ. ಆದರೆ ಖರ್ಚು ಒಬ್ಬ ಆಳಿನ ಕೂಲಿ. ಎರಡು ಎಕರೆಯ ಒಳಗಿನವರು, ಈ ವರ್ಷ ಕೈಯಲ್ಲಿ ದುಡ್ಡಿಲ್ಲದವರು ಸಾಲ ಮಾಡಿ ಮಿಷನ್ ತರಬೇಡಿ. ಇದನ್ನು ಮಾಡಿ, ಬೆಂಕಿ ಮಾತ್ರ ಹಾಕಬೇಡಿ.

ಕಾಫಿ ತೋಟದವರಿಗೂ ಇದೇ ಮಾತು. ಮರಗಸಿ (ನೆರಳಿನ ಮರದ ಕೊಂಬೆ ಸವರುವುದು) ಮಾಡಿದಾಗ ಬೀಳುವ ದಪ್ಪ ಕೊಂಬೆ ಸೌದೆಗೆ ಹೋಗುತ್ತದೆ. ಸಣ್ಣ ರೆಂಬೆ, ಎಲೆ ಗಿಡಗಳ ನಡುವೆಯೇ ಬಿದ್ದು ಒಂದು ಮಳೆಗಾಲದಲ್ಲಿ ಕರಗುತ್ತದೆ. ಅದನ್ನೆಲ್ಲ ರಸ್ತೆಗೆ ಹೊತ್ತು ತಂದು ಪುಡಿ ಮಾಡಿ ಮತ್ತೆ ಒಳಗೆ ಹೊರುವುದರಲ್ಲಿ ಅರ್ಥವಿಲ್ಲ. ರಸ್ತೆ ಬದಿ, ಕಣದ ಸುತ್ತ ಕಡಿದ ಕೊಂಬೆಗೆ ಮಾತ್ರ ಬಾಡಿಗೆ ಮಿಷನ್ ಸಾಕು ಅಂತ ಸಕಲೇಶಪುರದವರಿಗೆ ಹೇಳಿದೆ.

ಪುಡಿ ಮಾಡಿದ ಮೇಲೆ

ಯಾವ ಮಿಷನ್ ಆರಿಸಿದರೂ ಕೆಲವು ಮಾತು ನೆನಪಿಡಿ. ಪುಡಿಯನ್ನು ಒಂದೇ ಕಡೆ ಎತ್ತರಕ್ಕೆ ಗುಡ್ಡೆ ಹಾಕಿ ತಿಂಗಳುಗಟ್ಟಲೆ ಬಿಡಬೇಡಿ. ಸೊಪ್ಪು ಬೆರೆತ ಗುಡ್ಡೆಗೆ ಮರುದಿನ ಬೆಳಗ್ಗೆ ಕೈ ಹಾಕಿದರೆ ಸುಡುವಷ್ಟು ಬಿಸಿ ಇರುತ್ತದೆ, ಆವಿ ಏಳುತ್ತದೆ. ಆ ಬಿಸಿ ಇಳಿದ ಮೇಲೆ ಅದೇ ಗುಡ್ಡೆಗೆ ಸುಳಿ ಕೊರೆಯುವ ರೈನೋಸಿರಸ್ ದುಂಬಿ ಬಂದು ಮೊಟ್ಟೆ ಇಡುತ್ತದೆ. ಅದಕ್ಕೆ ಕೊಳೆಯುವ ರಾಶಿಯೇ ತವರುಮನೆ. ಬಿಳಿ ಹುಳು ಕಂಡರೆ ಆರಿಸಿ ಸಾಯಿಸಿ, ಆ ಹುಳುವನ್ನು ಕೊಲ್ಲುವ ಮೆಟಾರೈಜಿಯಂ ಶಿಲೀಂಧ್ರ ಬೆರೆಸಿ. ಪುಡಿಯನ್ನು ಪಾತಿಯಲ್ಲಿ ನಾಲ್ಕೈದು ಇಂಚು ತೆಳುವಾಗಿ ಹರಡಿದರೆ ಈ ತೊಂದರೆ ಬಹಳ ಕಡಿಮೆ. ಕಾಂಡಕ್ಕೆ ತಾಗದಂತೆ ಒಂದು ಅಡಿ ಬಿಡಿ.

ಮರದ ಪುಡಿಯನ್ನು ಮಣ್ಣಿನಲ್ಲಿ ಬೆರೆಸಿ ಉಳಬೇಡಿ. ಮರದ ಪುಡಿ ಕೊಳೆಯುವಾಗ ಮಣ್ಣಿನ ಸಾರಜನಕವನ್ನೇ ತಿನ್ನುತ್ತದೆ, ಗಿಡ ಹಳದಿಯಾಗುತ್ತದೆ. ಮೇಲೆ ಹಾಸಿದರೆ ಈ ತಾಪತ್ರಯ ಇಲ್ಲ. ಮೇಲೆ ಒಂದು ಬಕೆಟ್ ಸಗಣಿ ಬಗ್ಗಡ ಚಿಮುಕಿಸಿದರೆ ಇನ್ನೂ ಒಳ್ಳೆಯದು. ಎರೆಗೊಬ್ಬರ ಮಾಡುವವರಿಗೆ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ (ಸಿಪಿಸಿಆರ್‌ಐ) ಹೇಳುವ ಅಳತೆ ಹತ್ತು ಪಾಲು ತೆಂಗಿನ ಗರಿಗೆ ಒಂದು ಪಾಲು ಸಗಣಿ.

ರೋಗದ ಸೋಗೆ ಮಾತ್ರ ಮಿಷನ್ನಿಗೆ ಬೇಡ. ಎಲೆಚುಕ್ಕಿ ಬಂದ ಅಡಿಕೆ ಸೋಗೆ ಪುಡಿ ಮಾಡಿ ಚೆಲ್ಲಿದರೆ ರೋಗವನ್ನೇ ತೋಟಕ್ಕೆಲ್ಲ ಹಂಚಿದಂತೆ. ಅದನ್ನು ತೋಟದ ಹೊರಗೆ ಒಯ್ದು ಸುಡಿ, ಬೆಂಕಿ ಬೇಕಾದ್ದು ಅಲ್ಲಿ ಮಾತ್ರ. ಅಣಬೆ ರೋಗಕ್ಕೆ ಸತ್ತ ಮರದ ಬುಡ, ಬೇರಿನದೂ ಇದೇ ಕತೆ. ಬೇಲಿ ಮರದ ಕೊಂಬೆ ಕೊಡುವಾಗ ಕಣ್ಣಿಟ್ಟು ನೋಡಿ. ನಮ್ಮ ಬದುವಿನ ಗ್ಲಿರಿಸಿಡಿಯಾದ ತೊಗಟೆಯೊಳಗೆ ಹಳೆಯ ಮುಳ್ಳುತಂತಿ ಹೂತು ಹೋಗಿತ್ತು. ಹೊರಗಿನಿಂದ ಒಂದು ಗೆರೆ ಅಷ್ಟೇ ಕಾಣುತ್ತಿತ್ತು. ಒಳಗೆ ಹೋದದ್ದೇ ಕಲ್ಲು ಬಡಿದ ಸದ್ದು ಬಂತು, ಎರಡು ಬ್ಲೇಡ್ ಹಲ್ಲು ಉದುರಿದ ಹಾಗೆ ಕಿತ್ತುಹೋದವು.

ಕೊಳ್ಳುವುದೇ ಅಂತ ತೀರ್ಮಾನಿಸಿದವರಿಗೆ

ಹತ್ತು ಎಕರೆ ಮೇಲೆ ತೆಂಗು, ಸ್ವಂತ ಟ್ರ್ಯಾಕ್ಟರ್, ಜೊತೆಗೆ ಬದುವಿನ ಮರಗಳ ಕೊಂಬೆಯೂ ಇದ್ದರೆ ಟ್ರ್ಯಾಕ್ಟರ್ ಚಿಪ್ಪರ್ ಕೊಳ್ಳಿ. ಮೂರರಿಂದ ಹತ್ತು ಎಕರೆಯವರು ಸೇರಿ ಕೊಳ್ಳಿ, ಇಲ್ಲ ಬಾಡಿಗೆಗೆ ಕರೆಸಿ. ಹಿಂಗಾರು ಮಳೆ ಮುಗಿಯುವ ಹೊತ್ತಿಗೆ ಕರೆಸಿದರೆ ನೆಲದ ತೇವ ಬೇಸಿಗೆಯವರೆಗೂ ಹೊದಿಕೆಯ ಕೆಳಗೆ ಉಳಿಯುತ್ತದೆ. ಇಳಿಜಾರಿನ ಅಡಿಕೆಯವರಿಗೆ ಪೆಟ್ರೋಲ್ ಮಿಷನ್ ಸರಿ.

ಕೊಳ್ಳುವ ದಿನ ಬರಿಗೈಯಲ್ಲಿ ಹೋಗಬೇಡಿ. ನನಗೆ ಒಂದು ಕಡೆ ಹಸಿ ನುಗ್ಗೆ ಕೊಂಬೆ ಹಾಕಿ ತೋರಿಸಿದರು. ಬೆಣ್ಣೆಯ ಹಾಗೆ ಹೋಯಿತು. ಅದೇ ಮಾದರಿ ನಮ್ಮ ಪಕ್ಕದ ಊರಿಗೆ ಬಂದಾಗ ನಾಲ್ಕನೇ ಗರಿಗೆ ಕಟ್ಟಿಕೊಂಡು ನಿಂತಿತು. ನಿಮ್ಮ ತೋಟದ ಹತ್ತು ಅರೆ ಒಣ ಗರಿ, ಎರಡು ಪೂರ್ತಿ ಒಣ ಗರಿ, ಒಂದು ನಾಲ್ಕು ಇಂಚಿನ ಸಿಲ್ವರ್ ಓಕ್ ಕೊಂಬೆ ಗಾಡಿಗೆ ಹಾಕಿಕೊಂಡು ಹೋಗಿ. ಎಲ್ಲವನ್ನೂ ನಿಲ್ಲಿಸದೆ ಕೊಡಿಸಿ. ಆಮೇಲೆ ಮುಚ್ಚಳ ತೆಗೆಸಿ ಶಾಫ್ಟಿಗೆ ನಾರು ಎಷ್ಟು ಸುತ್ತಿದೆ ಅಂತ ನೋಡಿ. ಬ್ಲೇಡ್ ಬಿಚ್ಚಲು ಎಷ್ಟು ಬೋಲ್ಟ್, ಎಷ್ಟು ನಿಮಿಷ ಅಂತ ಅವರ ಕೈಯಲ್ಲೇ ಬಿಚ್ಚಿಸಿ ನೋಡಿ. ಅದೇ ಬ್ಲೇಡ್ ನಿಮ್ಮ ತಾಲ್ಲೂಕಿನಲ್ಲಿ ಸಿಗುತ್ತದಾ, ಹತ್ತಿರದ ಲೇತ್ ಅಂಗಡಿಯವರು ಸಾಣೆ ಹಿಡಿಯುತ್ತಾರಾ ಅಂತ ಕೇಳಿ, ಒಂದು ಜೊತೆ ಬ್ಲೇಡ್ ಜಾಸ್ತಿ ಸೇರಿಸಿಯೇ ಬಿಲ್ ಬರೆಸಿ.